ಖಾಲಿ ಡಿಸ್ಕಿನಲ್ಲಿ ಮೊದಲೇ ಇದ್ದ ಫೋಲ್ಡರ್

ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿ ತೆಗೆದ 1 ಟಿಬಿ ಡಿಸ್ಕಿಗೆ ಇಂದು ಹೊಸ ಫೈಲ್ ಸಿಸ್ಟಮ್ ಹಾಕಿದೆ, ಅಂದರೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ. ಲಿನಕ್ಸ್‌ನಲ್ಲಿ ಬಳಸುವ ಇಎಕ್ಸ್‌ಟಿ4 ಎಂಬ ಬಗೆ.

ಇರುವುದು ಒಂದೇ ಸಾಲಿನ ಕಮಾಂಡ್. ಆದರೂ ಎಂಟರ್ ಒತ್ತುವ ಮುನ್ನ ಡಿಸ್ಕಿನ ಹೆಸರನ್ನು ಮೂರು ಸಲ ಓದಿದೆ. ಎಸ್‌ಡಿಎ ಎಂದರೆ ನನ್ನ ಇಡೀ ಸಂಸಾರ, ಎಸ್‌ಡಿಬಿ ಎಂದರೆ ಈ ಹಳೆಯದು. ನಡುವೆ ಒಂದೇ ಅಕ್ಷರದ ಅಂತರ; ತಪ್ಪಿದರೆ ಸಂಸಾರವೇ ಅಳಿಸಿಹೋಗುತ್ತದೆ.

ಇದರಲ್ಲಿ ಆಗಲೇ ಒಂದು ಫೈಲ್ ಸಿಸ್ಟಮ್ ಇದೆ, ಆದರೂ ಮುಂದುವರಿಯಲೇ ಎಂದು ಕಮಾಂಡ್ ಕೇಳಿತು. ಕೇಳಿದ್ದು ಒಂದೇ ಸಲ. ಹೂಂ ಎಂದೆ. ಕೆಲವೇ ಸೆಕೆಂಡು, ಮುಗಿದೇ ಹೋಯಿತು.

ಮೌಂಟ್ ಮಾಡಿ, ಅಂದರೆ ಡಿಸ್ಕನ್ನು ಬಳಕೆಗೆ ಜೋಡಿಸಿ, ನೋಡಿದರೆ ಜಾಗ ಕಡಿಮೆ. ಶೇಕಡಾ 5ರಷ್ಟನ್ನು ರೂಟ್ ಸಾಹೇಬರಿಗೆಂದು, ಅಂದರೆ ಸರ್ವಾಧಿಕಾರವಿರುವ ನಿರ್ವಾಹಕ ಖಾತೆಗೆಂದು, ಇಎಕ್ಸ್‌ಟಿ4 ತಾನೇ ಎತ್ತಿಟ್ಟುಬಿಡುತ್ತದೆ. ಇಲ್ಲಿ ಅದು ಸುಮಾರು 50 ಜಿಬಿ. ಬರೀ ಫೋಟೊ ತುಂಬುವ ಡಿಸ್ಕಿಗೆ ಅಷ್ಟೆಲ್ಲ ಮೀಸಲು ಏಕೆ? ಇಂಥ ಹೊಂದಾಣಿಕೆಗೆಂದೇ ಇರುವ ಟ್ಯೂನ್‌2ಎಫ್‌ಎಸ್ ಕಮಾಂಡ್ ಹಿಡಿದು ಶೇಕಡಾ 1ಕ್ಕೆ ಇಳಿಸಿದೆ.

ಒಳಗೆ ಇದ್ದದ್ದು ಒಂದೇ ಫೋಲ್ಡರ್: ಲಾಸ್ಟ್ ಪ್ಲಸ್ ಫೌಂಡ್.

ನಾನಿನ್ನೂ ಒಂದು ಫೈಲನ್ನೂ ಇಟ್ಟಿಲ್ಲ. ಕಳೆದುಹೋಗಲು ಏನೂ ಇಲ್ಲ. ಆಗಲೇ ಸಿಕ್ಕಿದ್ದನ್ನು ಇಡಲು ಜಾಗ ಸಿದ್ಧ! ಎಂದಾದರೂ ಕರೆಂಟ್ ಹೋಗಿ ಲೆಕ್ಕ ತಪ್ಪಿದರೆ, ದುರಸ್ತಿಯ ಹೊತ್ತಿನಲ್ಲಿ ದಿಕ್ಕಿಲ್ಲದ ಫೈಲುಗಳನ್ನು ದುರಸ್ತಿಯ ಕಮಾಂಡ್ ಇಲ್ಲಿ ತಂದು ಹಾಕುತ್ತದೆ. ಹೆಸರು ಇರುವುದಿಲ್ಲ, ಬರೀ ಐನೋಡ್ ಸಂಖ್ಯೆ, ಅಂದರೆ ಫೈಲ್ ಸಿಸ್ಟಮ್ ಒಳಗೆ ಪ್ರತಿ ಫೈಲಿಗೂ ಕೊಟ್ಟ ನಂಬರು. ಗೃಹಪ್ರವೇಶಕ್ಕೆ ಮೊದಲೇ ಮುರುಕು ಸಾಮಾನಿಗೆ ಅಟ್ಟ ಕಟ್ಟಿಸಿದವರ ಮನಸ್ಸು ಇದು. ಯಾರೋ ಪೆಟ್ಟು ತಿಂದವರೇ ಈ ಪ್ರೋಗ್ರಾಮನ್ನು ಬರೆದಿರಬೇಕು.

ಅಳಿಸಲು ಹೊರಟಿದ್ದೆ, ಬಿಟ್ಟೆ.

ಮೊದಲಿಗೆ ಅಪ್ಪನ ಸ್ಕ್ಯಾನ್ ಮಾಡಿದ ಪತ್ರಗಳನ್ನು ನಕಲಿಸುತ್ತಿದ್ದೇನೆ. ಇನ್ನೂ ಶೇಕಡಾ 12. ಚಹಾ ಆರುತ್ತಿದೆ.