ಹಳೆಯ ಲ್ಯಾಪ್‌ಟಾಪ್, ಹೊಸ ಯಜಮಾನ

ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಇವತ್ತು ಕೈಸೇರಿತು. ಪ್ರವಾಸದ ಫೋಟೊಗಳಿಗೆಂದೇ ಕೊಂಡದ್ದು.

ಮುಚ್ಚಳದ ಮೇಲೆ ಯಾವುದೋ ಕಚೇರಿಯ ಸ್ಟಿಕ್ಕರ್ ಕಿತ್ತ ಗುರುತು, ಅಂಟು ಇನ್ನೂ ಬೆರಳಿಗೆ ಹತ್ತುತ್ತದೆ. 'ಇ' ಕೀಲಿ ಸವೆದು ಮಿರುಗುತ್ತಿದೆ. ಯಾರು ಎಷ್ಟು ಇಮೇಲ್ ಕುಟ್ಟಿದ್ದರೋ, ಪಾಪ.

ಮೊದಲು ತೆಗೆದದ್ದು ಬ್ಯಾಟರಿ ವರದಿ. ವಿಂಡೋಸ್‌ನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟರೆ ಅದರ ಜಾತಕವೇ ಹೊರಬೀಳುತ್ತದೆ: ಹುಟ್ಟಿದಾಗ ಎಷ್ಟು ಸಾಮರ್ಥ್ಯವಿತ್ತು, ಈಗ ಎಷ್ಟು ಉಳಿದಿದೆ. ಮುಕ್ಕಾಲು ಪಾಲು ಉಳಿದಿದೆ. ಸಾಕು. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವುದರಿಂದ ಮೊಬೈಲಿಗೂ ಇದಕ್ಕೂ ಒಂದೇ ಚಾರ್ಜರ್, ಚೀಲ ಅಷ್ಟು ಹಗುರ.

ಕೊಳ್ಳುವ ಮುನ್ನ ಸ್ನೇಹಿತರೆಲ್ಲ ಪ್ರೊಸೆಸರ್ ಯಾವುದೆಂದು ಕೇಳಿದರು, ಪರದೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಆದರೆ ಫೋಟೊ ತಿದ್ದುವವರಿಗೆ ತೊಂದರೆ ಕೊಡುವುದೇ ಅದು. ಕಚೇರಿ ಕೆಲಸಕ್ಕೆ ಬಂದ ಎಷ್ಟೋ ಯಂತ್ರಗಳ ಪರದೆಯ ವಿವರದಲ್ಲಿ '45% ಎನ್‌ಟಿಎಸ್‌ಸಿ' ಎಂದಿರುತ್ತದೆ, ಪರದೆ ಎಷ್ಟು ಬಣ್ಣ ತೋರಿಸಬಲ್ಲದೆಂಬ ಅಳತೆ ಅದು. ಅಂದರೆ ವೆಬ್ ಫೋಟೊಗಳಿಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಜಿಬಿ ಬಣ್ಣಗಳಲ್ಲಿ ಸುಮಾರು ಮೂರನೇ ಒಂದು ಭಾಗ ನಾಪತ್ತೆ! ಕೆಂಪು ಮಂಕಾಗಿ ಕಂಡಿತೆಂದು ನಾವು ಬಣ್ಣ ಏರಿಸುತ್ತೇವೆ. ಒಳ್ಳೆಯ ಪರದೆಯಲ್ಲಿ ನೋಡಿದವರ ಕಣ್ಣಿಗೆ ಅದೇ ಚಿತ್ರ ರಾಚುತ್ತದೆ. 72% ಎಂದಿದ್ದರೆ ಎಸ್‌ಆರ್‌ಜಿಬಿ ಹೆಚ್ಚುಕಡಿಮೆ ಪೂರ್ತಿ ಸಿಕ್ಕಂತೆ. ನನಗೆ ಸಿಕ್ಕಿದ್ದು ಅದು. ಅದಕ್ಕಾಗಿ ಒಂದು ತಲೆಮಾರು ಹಿಂದಿನ ಪ್ರೊಸೆಸರ್‌ಗೆ ಒಪ್ಪಿಕೊಂಡೆ. ರಾ ಫೈಲ್ (ಕ್ಯಾಮೆರಾ ಕೊಡುವ ಕಚ್ಚಾ ಚಿತ್ರ) ತೆರೆಯುವುದು ತುಸು ನಿಧಾನವಾದರೆ ಆಗಲಿ, ಬೆಟ್ಟದ ಮೇಲೆ ಕುಳಿತವನಿಗೆ ಅವಸರವೇನು?

ರ್‍ಯಾಮ್ ಸದ್ಯಕ್ಕೆ 8 ಜಿಬಿ. ಒಂದು ಸ್ಲಾಟ್ ಖಾಲಿ ಇದೆ, ಮುಂದಿನ ಸಂಬಳಕ್ಕೆ ಅದರ ಪಾಳಿ.