ಮಾತು ಕಡಿಮೆ ಇದ್ದ ಮಾತ್ರಕ್ಕೆ ಅಲೂಫ್ ಆಗಿಬಿಡ್ತಾರಾ?

ಮಾತು ಕಡಿಮೆ ಇರುವವರಿಗೆ ಹೆಸರಿಡುವುದರಲ್ಲಿ ನಾವು ಮುಂದು. ಹುಡುಗಿಯಾದರೆ ಜಂಬ, ಗಂಡಸಾದರೆ ಬಿಗುಮಾನ, ಮಗುವಾದರೆ ನಾಚಿಕೆ. ಆಫೀಸಿಗೆ ಬಂದರೆ ಎಲ್ಲರಿಗೂ ಸೇರಿ ಒಂದೇ ಇಂಗ್ಲಿಷ್ ಪದ, ಅಲೂಫ್ (aloof), ಅಂದರೆ ಯಾರ ಜೊತೆಗೂ ಬೆರೆಯದೆ ಬೇಕಂತಲೇ ದೂರ ಇರುವವರು. ಈಚೆಗೆ ಈ ಪದ ಜಾಸ್ತಿ ಕಿವಿಗೆ ಬೀಳುತ್ತಿದೆ. ಬಹಳ ಸಲ ಸಲ್ಲದವರ ಮೇಲೆಯೇ ಬೀಳುತ್ತದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಮೂಲದಲ್ಲಿ ಹಡಗಿನವರ ಮಾತು. ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಲ್ಲಿ. ಲೂಫ್ ಅಂದರೆ ಗಾಳಿ ಬೀಸಿ ಬರುವ ಕಡೆ, ಅದಕ್ಕೆ ಡಚ್ ಭಾಷೆಯ ನಂಟಿದೆ ಅನ್ನುತ್ತಾರೆ. ಗಾಳಿ ಹಾಯಿಹಡಗನ್ನು ದಡದ ಕಡೆಗೆ ತಳ್ಳುತ್ತಿದ್ದರೆ ಸುಮ್ನೆ ಬಿಡುವ ಹಾಗಿಲ್ಲ, ಬಂಡೆಗೆ ಬಡಿದು ಒಡೆದುಹೋಗುತ್ತದೆ. ಆಗ ಹಡಗಿನ ಮೂತಿಯನ್ನು ಗಾಳಿ ಬರುವ ಕಡೆಗೇ ತಿರುಗಿಸಿ, ದಡ ಹತ್ತಿರವಾಗದಂತೆ ನೋಡಿಕೊಳ್ಳಬೇಕು. ಹಾಗೆ ದೂರ ಇರುವುದೇ ಅಲೂಫ್. ಹಾಯಿದೋಣಿ ನಡೆಸುವವರು ದೋಣಿಯನ್ನು ಗಾಳಿಯ ಕಡೆಗೆ ತಿರುಗಿಸುವುದಕ್ಕೆ ಇವತ್ತಿಗೂ ಲಫ್ ಅನ್ನುತ್ತಾರೆ. ಅದೂ ಇದೇ ಬಳ್ಳಿಯ ಪದ.

ದಡಕ್ಕೆ ಹೋಗಬಾರದು ಅಂತ ಗೊತ್ತಿದ್ದೇ ದೂರ ನಿಲ್ಲುವುದು. ಪದ ಮನುಷ್ಯರ ಸ್ವಭಾವಕ್ಕೆ ಅಂಟಿಕೊಂಡ ಮೇಲೂ ಈ ಬೇಕಂತಲೇ ಅನ್ನುವ ಅಂಶ ಹೋಗಲಿಲ್ಲ. ಒಬ್ಬ ಶಾಸಕರು ಪಕ್ಷದ ಸಭೆಗಳಿಗೆ ಬರುತ್ತಿಲ್ಲ ಅನ್ನಿ, ಇಂಗ್ಲಿಷ್ ಪತ್ರಿಕೆ ಅವರು ಅಲೂಫ್ ಆಗಿದ್ದಾರೆ ಎಂದು ಬರೆದರೆ ನಮ್ಮ ಪತ್ರಿಕೆಗಳು ‘ಅಂತರ ಕಾಯ್ದುಕೊಂಡಿದ್ದಾರೆ’ ಅನ್ನುತ್ತವೆ. ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! ಯಾವುದೋ ಒಂದು ವಿಷಯದಿಂದ, ಜಗಳದಿಂದ, ಗುಂಪಿನಿಂದ ದೂರ ಇರುವುದಕ್ಕೆ ಹೀಗೆ ಬಳಸಿದರೆ ಅದರಲ್ಲಿ ಬೈಗುಳ ಇಲ್ಲ, ಕೆಲವೊಮ್ಮೆ ಮೆಚ್ಚುಗೆಯೂ ಇರಬಹುದು. ಆದರೆ ‘ಅವಳು ಅಲೂಫ್’ ಅಂತ ಮನುಷ್ಯರ ಮೇಲೇ ಹೇಳಿದರೆ ಅದು ದೂರು. ನಮ್ಮನ್ನು ಹತ್ತಿರ ಸೇರಿಸುವುದಿಲ್ಲ, ನಮ್ಮ ಬಗ್ಗೆ ಅವಳಿಗೆ ಏನೂ ಅನ್ನಿಸುವುದಿಲ್ಲ ಅಂತ ಹೇಳಿದ ಹಾಗೆ.

ನನಗೆ ಗೊತ್ತಿರುವ ಒಬ್ಬ ಹುಡುಗಿಯ ವಾರ್ಷಿಕ ವರದಿಯಲ್ಲಿ ಅವಳ ಮ್ಯಾನೇಜರ್ ಇದೇ ಪದ ಬರೆದಿದ್ದರು. ಹಾಸನದ ಕಡೆಯವಳು, ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕೆಲಸದಲ್ಲಿ ಚುರುಕು. ಮೀಟಿಂಗಿನಲ್ಲಿ ಏನಾದರೂ ಹೇಳಬೇಕು ಅಂದರೆ ಮೊದಲು ಮನಸ್ಸಿನಲ್ಲೇ ವಾಕ್ಯ ಜೋಡಿಸಿಕೊಳ್ಳುತ್ತಾಳೆ, ಹ್ಯಾಸ್ ಹಾಕಬೇಕೋ ಹ್ಯಾವ್ ಹಾಕಬೇಕೋ ನೋಡಿಕೊಳ್ಳುತ್ತಾಳೆ, ಅಷ್ಟು ಹೊತ್ತಿಗೆ ಮಾತು ಬೇರೆ ಕಡೆ ಹೊರಟುಹೋಗಿರುತ್ತದೆ. ಊಟಕ್ಕೆ ಎಲ್ಲರೂ ಕೆಳಗಿಳಿದರೆ ಇವಳು ಡಬ್ಬಿ ತೆಗೆದು ಸೀಟಿನಲ್ಲೇ ಕೂರುತ್ತಾಳೆ. ಅಲ್ಲಿ ಎಲ್ಲರೂ ನಗುವಾಗ, ಯಾವುದಕ್ಕೆ ನಗುತ್ತಿದ್ದಾರೆ ಅಂತ ತಿಳಿಯದೆ ತಾನೂ ನಗಬೇಕಲ್ಲ ಅಂತ. ಅವಳಿಗೆ ಆ ಗುಂಪಿಗೆ ಸೇರಬೇಕು ಅಂತ ಎಷ್ಟು ಆಸೆ ಇತ್ತು ಅಂದರೆ, ರಾತ್ರಿ ಮನೆಯಲ್ಲಿ ಮಾರನೇ ದಿನ ಆಡಬೇಕಾದ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು. ಅಂಥವಳಿಗೆ ಅಲೂಫ್! ನನಗೆ ಓದಿ ನಿಜಕ್ಕೂ ಸಿಟ್ಟು ಬಂತು.

ಇಂಗ್ಲಿಷಿನಲ್ಲಿ ಬೇರೆ ಪದಗಳೇನೂ ಕಡಿಮೆ ಇಲ್ಲ. ಬೆರೆಯುವ ಆಸೆ ಇದ್ದೂ ಸಂಕೋಚ ಹಿಡಿದೆಳೆದರೆ ಅದು ಶೈ. ಮನಸ್ಸಿನಲ್ಲಿರುವುದನ್ನು ಎಲ್ಲರ ಮುಂದೆ ಬಿಚ್ಚಿಡದೆ, ನಾಲ್ಕು ಜನ ಆಪ್ತರ ಜೊತೆ ಮಾತ್ರ ಹಂಚಿಕೊಳ್ಳುವವರು ರಿಸರ್ವ್ಡ್, ಅದರಲ್ಲಿ ತಪ್ಪು ಹೊರಿಸುವ ದನಿ ಇಲ್ಲ. ಇಂಟ್ರೊವರ್ಟ್ ಅನ್ನುವುದು ಬೇರೆಯೇ ಕಡೆಯಿಂದ ಬಂತು. ಕಾರ್ಲ್ ಯೂಂಗ್ ಅನ್ನುವ ಸ್ವಿಸ್ ಮನೋವೈದ್ಯ 1921ರಲ್ಲಿ ಮನುಷ್ಯರ ಸ್ವಭಾವಗಳ ಬಗ್ಗೆ ಬರೆದ ಪುಸ್ತಕದಿಂದ ಹೆಸರಾದ ಪದ ಅದು. ಮನಸ್ಸು ಹೊರಗಿನದಕ್ಕಿಂತ ಒಳಗಿನದರ ಕಡೆಗೆ ಜಾಸ್ತಿ ವಾಲುತ್ತದೆ ಅಂತ ಅರ್ಥವೇ ಹೊರತು, ಜನರನ್ನು ಕಂಡರೆ ಆಗುವುದಿಲ್ಲ ಅಂತಲ್ಲ. ಇಡೀ ದಿನ ಪಾಠ ಮಾಡುವ ಮೇಷ್ಟರೂ ಇಂಟ್ರೊವರ್ಟ್ ಆಗಿರಬಹುದು.

ಈ ಮೂರೂ ಅವರವರ ಒಳಗಿನ ಸಂಗತಿಗಳು. ಅಲೂಫ್ ಮಾತ್ರ ಎದುರಿಗಿದ್ದವರಿಗೆ ಹೇಗೆ ಕಂಡಿತು ಅನ್ನುವುದರ ಮೇಲೆ ನಿಂತಿದೆ. ಹಾಗಾಗಿ ವರದಿ ಬರೆಯುವ ಟೀಮ್ ಲೀಡ್‌ಗಳಿಗೆ, ಮಕ್ಕಳ ಪ್ರೋಗ್ರೆಸ್ ಕಾರ್ಡ್ ತುಂಬುವ ಟೀಚರ್‌ಗಳಿಗೆ ನನ್ನದೊಂದು ಕೋರಿಕೆ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ಮೀಟಿಂಗಿನಲ್ಲಿ ಮಾತಾಡುವುದು ಕಡಿಮೆ, ಗುಂಪಿನ ಜೊತೆ ಊಟಕ್ಕೆ ಬರುವುದಿಲ್ಲ, ಇಷ್ಟು ಸಾಕು. ಅದನ್ನು ಓದಿ ಅವರು ಯಾಕೆ ಅಂತ ಹೇಳಬಹುದು. ನೀನು ಅಲೂಫ್ ಅಂದುಬಿಟ್ಟರೆ ಅದಕ್ಕೆ ಏನಂತ ಉತ್ತರ ಕೊಡುತ್ತಾರೆ, ಹೇಳಿ?