ಐದು ನಿಮಿಷಕ್ಕೊಂದು ಎಸ್ಸೆಮ್ಮೆಸ್

ಮಾವನವರ ಕರೆಯನ್ನು ಎರಡು ಸಲ ಕಟ್ ಮಾಡಿದ್ದೆ. ಮೂರನೆಯದನ್ನು ಎತ್ತಿದಾಗ ಗಂಟೆ ಹನ್ನೊಂದೂಕಾಲು. "ಅಳಿಯಂದಿರೇ, ಕಂತು ಕಟ್ಟಿ ಎಂದು ಒಂದು ಸಲ ಹೇಳಿದರೆ ಆಗದೇ? ಹತ್ತು ಗಂಟೆಯಿಂದ ಗಡಿಯಾರ ನೋಡಿಕೊಂಡು ಕಳಿಸಿದ ಹಾಗೆ ಐದು ನಿಮಿಷಕ್ಕೊಂದು ಬರುತ್ತಿದೆ." "ನೋಡುತ್ತೇನೆ ಮಾವ" ಎಂದು ಫೋನ್ ಇಟ್ಟು ಮತ್ತೆ ಗ್ರಾಫಿನತ್ತ ತಿರುಗಿದೆ.

ತಿಪಟೂರಿನ ಅವರ ಟ್ರ್ಯಾಕ್ಟರ್ ಸಾಲ ಇರುವುದು ನಮ್ಮ ಗ್ರಾಹಕ ಕಂಪನಿಯಲ್ಲೇ. ತಿಂಗಳ 3ರಂದು ಬೆಳಿಗ್ಗೆ 10ಕ್ಕೆ ಕಂತಿನ ರಿಮೈಂಡರ್‌ಗಳು ಕಾಫ್ಕಾ ಎಂಬ ಸಂದೇಶ ವ್ಯವಸ್ಥೆಯ ಒಂದು ಸರದಿಗೆ, ಅಂದರೆ ಟಾಪಿಕ್‌ಗೆ ಬೀಳುತ್ತವೆ. ಅಲ್ಲಿಂದ ಓದುವ ನಮ್ಮ ಪ್ರೋಗ್ರಾಂಗಳು, ಅಂದರೆ ಕನ್ಸ್ಯೂಮರ್‌ಗಳು, ಅವನ್ನು ಒಂದೊಂದಾಗಿ ಎಸ್ಸೆಮ್ಮೆಸ್ ಗೇಟ್‌ವೇಗೆ ದಾಟಿಸುತ್ತವೆ. ಅಂದು ಗ್ರಾಫಿನಲ್ಲಿ ಲ್ಯಾಗ್, ಅಂದರೆ ಮುಗಿಯದೆ ಉಳಿದ ಸಂದೇಶಗಳ ಸಂಖ್ಯೆ, ಇಳಿಯಲೇ ಇಲ್ಲ. ಕೈ ಸಾಲದಾಗಿದೆ ಎಂದುಕೊಂಡು ಮೂರಿದ್ದ ಕನ್ಸ್ಯೂಮರ್‌ಗಳನ್ನು ಆರು ಮಾಡಿದೆ. ಪ್ರತಿಯೊಂದು ಸೇರುವಾಗಲೂ ರೀಬ್ಯಾಲೆನ್ಸ್, ಕೆಲಸದ ಮರುಹಂಚಿಕೆ. ಗೆರೆ ಮಾತ್ರ ಅಲ್ಲೇ. ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ "ಹನ್ನೆರಡು ಮಾಡಿ" ಎಂದರು. ಟಾಪಿಕ್‌ನ ಪಾಲುಗಳು, ಅಂದರೆ ಪಾರ್ಟಿಷನ್ ಇರುವುದೇ ಆರು, ಒಂದಕ್ಕೆ ಒಂದೇ ಕನ್ಸ್ಯೂಮರ್, ಉಳಿದ ಆರು ಸುಮ್ಮನೆ ಕೂರುತ್ತವೆ ಎಂದು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ತಿಪಟೂರಿಗೆ ಇನ್ನೆರಡು ಹೋಗಿರಬೇಕು.

ಕಾಫಿ ತರಲು ಎದ್ದಾಗ ಮಾವನವರ ಮಾತು ತಲೆಗಿಳಿಯಿತು. ಐದು ನಿಮಿಷ. ಲೋಟ ಅಲ್ಲೇ ಬಿಟ್ಟು ಬಂದು ಕಾನ್ಫಿಗ್ ತೆರೆದೆ. ಮ್ಯಾಕ್ಸ್ ಪೋಲ್ ಇಂಟರ್ವಲ್‌ಗೆ, ಅಂದರೆ ಒಂದು ಕಂತೆ ಸಂದೇಶ ಎತ್ತಿಕೊಂಡ (ಪೋಲ್) ಕನ್ಸ್ಯೂಮರ್ ಮುಂದಿನದನ್ನು ಕೇಳಲು ಇರುವ ಗಡುವಿಗೆ, ನಾವು ಕೈ ಹಚ್ಚಿರಲೇ ಇಲ್ಲ. ಡಿಫಾಲ್ಟ್ 3,00,000 ಮಿಲಿಸೆಕೆಂಡ್, ಐದು ನಿಮಿಷ. ಒಂದು ಪೋಲ್‌ಗೆ 500 ರೆಕಾರ್ಡ್, ಅದೂ ಡಿಫಾಲ್ಟೇ. ಗೇಟ್‌ವೇ ಅಂದು ತೂಕಡಿಸುತ್ತಿತ್ತು. ಎಸ್ಸೆಮ್ಮೆಸ್ ಒಂದಕ್ಕೆ ಮುಕ್ಕಾಲು ಸೆಕೆಂಡು, ಐನೂರಕ್ಕೆ ಆರೂಕಾಲು ನಿಮಿಷ. ಐದಕ್ಕೇ ಕನ್ಸ್ಯೂಮರ್ ಗುಂಪಿನಿಂದ ಹೊರಬೀಳುತ್ತಿತ್ತು. ಎಲ್ಲಿಯವರೆಗೆ ಮುಗಿದಿದೆ ಎಂಬ ಗುರುತು, ಆಫ್‌ಸೆಟ್, ಕಮಿಟ್ ಆಗಿರುತ್ತಿರಲಿಲ್ಲ. ಪಾರ್ಟಿಷನ್ ವಹಿಸಿಕೊಂಡ ಇನ್ನೊಂದು ಅದೇ ಐನೂರನ್ನು ಮೊದಲಿನಿಂದ ಕಳಿಸಲು ಶುರುಮಾಡುತ್ತಿತ್ತು.

ಕನ್ಸ್ಯೂಮರ್‌ಗಳನ್ನೆಲ್ಲ ನಿಲ್ಲಿಸಿ ಸೊನ್ನೆಗೆ ಇಳಿಸಿದಾಗ 11:40. ಮಾವನವರ ಲೆಕ್ಕದಲ್ಲಿ ಒಟ್ಟು ಹತ್ತೊಂಬತ್ತು. ಲಾಗ್‌ನಲ್ಲಿ 10:05ರಿಂದಲೇ ಎಚ್ಚರಿಕೆ ಬರುತ್ತಿತ್ತು, ವಾರ್ನ್ ಮಟ್ಟದಲ್ಲಿ. ನಮ್ಮ ಅಲರ್ಟ್ ಎರರ್‌ಗೆ ಮಾತ್ರ ಕೂಗುತ್ತದೆ. ರಾತ್ರಿ ನಿದ್ದೆ ಕೆಡುತ್ತದೆಂದು ಹಾಗೆ ಮಾಡಿಟ್ಟವನು ನಾನೇ.

ಮಧ್ಯಾಹ್ನದ ವಿಚಾರಣೆಯಲ್ಲಿ ಮ್ಯಾನೇಜರ್ ಕೇಳಿದ್ದು: "ಎಕ್ಸಾಕ್ಟ್ಲಿ ಒನ್ಸ್ ಹಾಕಿರಲಿಲ್ಲವೇ?" ಒಂದು ಸಂದೇಶದ ಕೆಲಸ ಒಂದೇ ಸಲ ಆಗುವಂತೆ ನೋಡಿಕೊಳ್ಳುವ ಆ ವ್ಯವಸ್ಥೆ ಕಾಫ್ಕಾದಲ್ಲಿ 2017ರಿಂದ ಇದೆ, ಕಾಫ್ಕಾದಿಂದ ಓದಿ ಕಾಫ್ಕಾಕ್ಕೇ ಬರೆಯುವ ಮಟ್ಟಿಗೆ. ಗೇಟ್‌ವೇ ದಾಟಿದ ಎಸ್ಸೆಮ್ಮೆಸ್ಸನ್ನು ಯಾವ ಟ್ರಾನ್ಸಾಕ್ಷನ್ ವಾಪಸು ಕರೆಸೀತು? ಪೋಲ್ ಗಾತ್ರವನ್ನು 50ಕ್ಕೆ ಇಳಿಸಿದೆವು. ಸಾಲದ ಸಂಖ್ಯೆ, ಕಂತಿನ ತಿಂಗಳು ಎರಡನ್ನೂ ಸೇರಿಸಿದ ಯೂನಿಕ್ ಕೀಯನ್ನು ಈಗ ಎಸ್ಸೆಮ್ಮೆಸ್ ಕಳಿಸುವ ಮೊದಲೇ ಡೇಟಾಬೇಸ್ ಟೇಬಲ್‌ನಲ್ಲಿ ಬರೆಯುತ್ತೇವೆ; ಅದು ಅಲ್ಲಿ ಆಗಲೇ ಇದ್ದರೆ ಮತ್ತೆ ಕಳಿಸುವುದಿಲ್ಲ. ಬರೆದಾದ ಮೇಲೆ, ಕಳಿಸುವ ಮುಂಚೆ ಪ್ರೋಸೆಸ್ ಸತ್ತರೆ ಆ ರಿಮೈಂಡರ್ ಹೋಗುವುದೇ ಇಲ್ಲ. ರಿಮೈಂಡರ್ ತಾನೇ, ನಡೆಯುತ್ತದೆ. ಹಣ ಜಮಾ ಮಾಡುವ ಸಂದೇಶವಾಗಿದ್ದರೆ ಹೀಗೆ ಬಿಡುತ್ತಿರಲಿಲ್ಲ.

ಮುಂದಿನ ತಿಂಗಳ 3ರಂದು ಹತ್ತೂವರೆಗೆ ಮಾವನವರ ಕರೆ. ಮೊದಲ ರಿಂಗಿಗೇ ಎತ್ತಿದೆ.

"ಒಂದೇ ಬಂದಿದೆಯಲ್ಲ, ಏನಾದರೂ ಕೆಟ್ಟಿದೆಯೇ?"